ಮೊದಲ ತಟ್ಟೆಯ ಮಕ್ಕಳ ಬಳಿ ಕೂರುವವರು ಯಾರು?

ಶಿರಸಿ ತಾಲ್ಲೂಕಿನ ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾನು ಮೂರು ವರ್ಷ ಸದಸ್ಯನಾಗಿದ್ದೆ. ಒಂದರಿಂದ ಐದರವರೆಗೆ ತರಗತಿಗಳು, 29 ಮಕ್ಕಳು, ಒಬ್ಬರು ಮಾಸ್ತರು, ಒಬ್ಬರು ಅಕ್ಕೋರು (ಶಿಕ್ಷಕಿ). 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿದ್ದರೆ ಸಾಕು. ಆದ್ದರಿಂದ ಕಡತದ ಮಟ್ಟಿಗೆ ನಮ್ಮಲ್ಲಿ ಶಿಕ್ಷಕರ ಕೊರತೆಯೇ ಇಲ್ಲ. ಆ ಮೂರು ವರ್ಷಗಳಲ್ಲಿ ಶಾಲೆಯ ಜಗಲಿಯ ಮೇಲೆ ಕೂತು ನಾನು ಕಂಡದ್ದು ಬೇರೆಯೇ ಆಗಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯನ್ನು ಹತ್ತಿರದಿಂದ ನೋಡಿದವರಿಗೆ ಅಲ್ಲಿಯ ತಟ್ಟೆಗಳು ಗೊತ್ತಿರುತ್ತವೆ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ತಾವು ಏರಿದ ಕಲಿಕೆಯ ಮೆಟ್ಟಿಲಿಗೆ ತಕ್ಕಂತೆ ಐದು ಗುಂಪುಗಳಾಗಿ, ಅಂದರೆ ಐದು ತಟ್ಟೆಗಳಲ್ಲಿ, ಕೂರುತ್ತಾರೆ. ಮೊದಲ ತಟ್ಟೆಯವರಿಗೆ ಶಿಕ್ಷಕರ ಸಂಪೂರ್ಣ ಬೆಂಬಲ ಬೇಕು, ಎರಡನೆಯದಕ್ಕೆ ಭಾಗಶಃ ಸಾಕು, ಮುಂದಿನ ಎರಡರಲ್ಲಿ ಸಹಪಾಠಿಗಳು ನೆರವಾಗುತ್ತಾರೆ, ಕೊನೆಯ ತಟ್ಟೆಯ ಮಕ್ಕಳು ತಾವಾಗಿಯೇ ಕಲಿಯುತ್ತಾರೆ. ಎಚ್.ಡಿ. ಕೋಟೆಯ ಶಾಲೆಗಳಲ್ಲಿ 1995ರಲ್ಲಿ ಮೊಳೆತ ಈ ಪದ್ಧತಿಯ ಬಗ್ಗೆ ನನಗೆ ನಿಜವಾದ ಗೌರವವಿದೆ. ಆದರೆ ಅದು ನಿಂತಿರುವುದು ಶಿಕ್ಷಕರು ಮೊದಲ ತಟ್ಟೆಯ ಪಕ್ಕದಲ್ಲಿ ನೆಲದ ಮೇಲೆ ಕೂತಿರುತ್ತಾರೆ ಎಂಬ ಒಂದೇ ನಂಬಿಕೆಯ ಮೇಲೆ.

ಮಾಸ್ತರು ಮುಖ್ಯಶಿಕ್ಷಕರ ಹೊಣೆಯನ್ನೂ ಹೊತ್ತವರು. ಬಿಸಿಯೂಟದ ಅಕ್ಕಿ-ಬೇಳೆಯ ಲೆಕ್ಕ, ಹಾಲಿನ ಪುಡಿಯ ದಾಸ್ತಾನು, ಮೊಟ್ಟೆ-ಬಾಳೆಹಣ್ಣಿನ ಖರೀದಿ, ಮಕ್ಕಳ ವಿವರಗಳನ್ನು ಆನ್‌ಲೈನಿನಲ್ಲಿ ತುಂಬುವುದು, ಸಭೆ, ತರಬೇತಿ, ಇವೆಲ್ಲ ಅವರ ಪಾಲಿಗೇ ಬರುತ್ತವೆ. ನಮ್ಮೂರಲ್ಲಿ ನೆಟ್‌ವರ್ಕ್ ಸಿಗದ ಕಾರಣ ಮಾಹಿತಿ ತುಂಬಲು ಅವರು ಗುಡ್ಡದ ತಿರುವಿನವರೆಗೆ ಹೋಗಬೇಕಿತ್ತು. ಅವರು ಶಿರಸಿಗೆ ಸಭೆಗೆ ಹೋದ ಜುಲೈ ತಿಂಗಳ ಒಂದು ದಿನ, ಮಳೆ ಹೊಡೆಯುತ್ತಿರುವಾಗ, ಅಕ್ಕೋರು ಐದೂ ತರಗತಿಗಳನ್ನು ಒಂದೇ ಕೋಣೆಗೆ ಕರೆತಂದು ಕೂರಿಸಿಕೊಂಡದ್ದನ್ನು ನೋಡಿದ್ದೇನೆ. ನಾಲ್ಕು-ಐದರವರಿಗೆ ಲೆಕ್ಕ ಬರೆಸಿ, ಅಡುಗೆಯವರು ಕರೆದಾಗ ಎದ್ದು ಹೋಗಿ ಊಟದ ರುಚಿ ನೋಡಿ, ತೋಯ್ದು ಬಂದ ಮಗುವಿನ ತಲೆ ಒರೆಸಿ, ಮತ್ತೆ ಬಂದು ಕೂರುವಷ್ಟರಲ್ಲಿ ಬೆಳಗು ಮುಗಿದಿತ್ತು. ಸ್ವಕಲಿಕೆಯ ತಟ್ಟೆಯ ಮಕ್ಕಳು ತಮ್ಮ ಕಾರ್ಡು ಮುಗಿಸಿದ್ದರು. ಮೊದಲ ತಟ್ಟೆಯ ಪುಟ್ಟ ಹುಡುಗಿಯೊಬ್ಬಳು ಮಾತ್ರ ಬೆಳಿಗ್ಗೆ ತೆರೆದ ಪುಟದ ಮೇಲೆಯೇ ಬೆರಳಿಟ್ಟುಕೊಂಡು ಕೂತಿದ್ದಳು. ಅಕ್ಕೋರ ಮೇಲೆ ನನಗೆ ಯಾವ ದೂರೂ ಇಲ್ಲ. ಅವರಷ್ಟು ದುಡಿಯುವವರನ್ನು ನಾನು ಕಂಡದ್ದು ಕಡಿಮೆ.

ನಾನು ಹೇಳಬೇಕಾದದ್ದು ಇಷ್ಟೇ: ಶಿಕ್ಷಕರ ಕೊರತೆಯ ಪೆಟ್ಟು ಎಲ್ಲ ಮಕ್ಕಳಿಗೂ ಸಮನಾಗಿ ಬೀಳುವುದಿಲ್ಲ, ಯಾರಿಗೆ ಹೆಚ್ಚು ನೆರವು ಬೇಕೋ ಅವರಿಗೇ ಮೊದಲು ಬೀಳುತ್ತದೆ. ಮನೆಯಲ್ಲಿ ಓದಿಸುವವರಿರುವ ಮಗು ಹೇಗೋ ದಾಟಿಕೊಳ್ಳುತ್ತದೆ. ಯಲ್ಲಾಪುರ, ಹಳಿಯಾಳ, ಜೊಯಿಡಾ ಕಡೆಯ ಸಿದ್ದಿ ಮತ್ತು ಕುಣಬಿ ಸಮುದಾಯಗಳ ಮಕ್ಕಳ ಮನೆಮಾತು ಹೆಚ್ಚಾಗಿ ಕೊಂಕಣಿ, ಗೌಳಿ ಮಕ್ಕಳದ್ದು ಮರಾಠಿಗೆ ಹತ್ತಿರದ ಮಾತು. ಶಾಲೆಯ ಕನ್ನಡಕ್ಕೆ ಕಿವಿ ಹೊಂದುವ ಮೊದಲ ವರ್ಷದಲ್ಲಿ ಅವರಿಗೆ ಪಕ್ಕದಲ್ಲಿ ಕೂತು ಮಾತಾಡಿಸುವ ಒಬ್ಬರು ಬೇಕು. ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದು ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಶಿಕ್ಷಕರಿದ್ದಾರೆ, ನಿಜ. ಆದರೆ ಅವರು ಇಡೀ ಬ್ಲಾಕ್ ಸುತ್ತಬೇಕು. ಉಳಿದ ದಿನಗಳಲ್ಲಿ ಆ ಮಗುವೂ ಅದೇ ಇಬ್ಬರು ಶಿಕ್ಷಕರ ಕೈಯಲ್ಲೇ ಇರುತ್ತದೆ.

ಮಕ್ಕಳ ಸಂಖ್ಯೆ ಕಡಿಮೆಯಾದ ಶಾಲೆಗಳನ್ನು ವಿಲೀನ ಮಾಡಿದರೆ ಶಿಕ್ಷಕರು ತಾನಾಗಿ ಸಿಗುತ್ತಾರೆ ಎಂದು ಕೆಲವು ಸ್ನೇಹಿತರು ವಾದಿಸುತ್ತಾರೆ. ಬಯಲುಸೀಮೆಯಲ್ಲಿ ಅದು ಸರಿಯಿದ್ದೀತು. ನಮ್ಮಲ್ಲಿ ಒಂದು ಕಿಲೋಮೀಟರ್ ಎಂದರೆ ನಡುವೆ ಒಂದು ಹಳ್ಳ, ಹಳ್ಳಕ್ಕೊಂದು ಕಾಲುಸಂಕ, ಮಳೆಗಾಲದಲ್ಲಿ ಆ ಸಂಕವೂ ನೆಚ್ಚುವಂಥದ್ದಲ್ಲ. ಆರು ವರ್ಷದ ಮಗುವನ್ನು ಅದರ ಮೇಲೆ ದಾಟಿಸಿ ಕಳಿಸಲು ಯಾವ ತಾಯಿ ಒಪ್ಪುತ್ತಾಳೆ? ಶಾಲೆ ದೂರವಾದರೆ ಮೊದಲು ಮನೆಯಲ್ಲಿ ಉಳಿಯುವವರೂ ಈ ಮೊದಲ ತಟ್ಟೆಯವರೇ.

ಅತಿಥಿ ಶಿಕ್ಷಕರ ನೇಮಕ ಖಾಲಿ ಹುದ್ದೆಯಿದ್ದಲ್ಲಿ ಮಾತ್ರ ಆಗುವುದರಿಂದ ನಮ್ಮಂಥ ಶಾಲೆಗಳಿಗೆ ಅದೂ ಒದಗುವುದಿಲ್ಲ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರದ ಹೊರತು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದೆಂದು ಅದೇ ಕಾಯ್ದೆಯ 27ನೆಯ ಸೆಕ್ಷನ್ ಹೇಳುತ್ತದೆ. ಶಾಲೆಯೊಳಗಿನ ಗುಮಾಸ್ತಿಕೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ನಮ್ಮ ಮಾಸ್ತರರ ದಿನವನ್ನು ತಿಂದದ್ದು ಅದೇ. ಆದ್ದರಿಂದ ಹುದ್ದೆ ಲೆಕ್ಕ ಹಾಕುವಾಗ ಮಕ್ಕಳ ತಲೆಯ ಜೊತೆಗೆ ತರಗತಿಗಳ ಸಂಖ್ಯೆಯನ್ನೂ ಎಣಿಸಬೇಕು, ಐದು ತರಗತಿಗಳಿರುವಲ್ಲಿ ಕನಿಷ್ಠ ಮೂವರು ಶಿಕ್ಷಕರಿರಬೇಕು ಎಂಬುದು ನನ್ನ ಬೇಡಿಕೆ. ಅದು ಆಗುವವರೆಗೆ ಪ್ರತಿ ಕ್ಲಸ್ಟರಿಗೆ (ಅಕ್ಕಪಕ್ಕದ ಶಾಲೆಗಳ ಗುಂಪಿಗೆ) ಲೆಕ್ಕಪತ್ರ ನೋಡುವ ಒಬ್ಬ ಸಿಬ್ಬಂದಿಯನ್ನೂ, ಸಭೆ-ತರಬೇತಿಯ ದಿನ ಶಾಲೆಗೆ ಬಂದು ನಿಲ್ಲುವ ಒಬ್ಬ ಬದಲಿ ಶಿಕ್ಷಕರನ್ನೂ ಕೊಡಲಿ.

ಜಿಲ್ಲೆಯ ಬೇರೆ ಊರುಗಳ ಎಸ್‌ಡಿಎಂಸಿ ಸದಸ್ಯರು ಇದನ್ನು ಓದುತ್ತಿದ್ದರೆ ಒಂದು ವಿನಂತಿ: ನಿಮ್ಮ ಶಾಲೆಯಲ್ಲಿ ಕಳೆದ ತಿಂಗಳು ಎಷ್ಟು ದಿನ ಒಬ್ಬರೇ ಶಿಕ್ಷಕರಿದ್ದರು ಎಂಬುದನ್ನು ಹಾಜರಿ ಪುಸ್ತಕ ನೋಡಿ ಕೆಳಗೆ ಬರೆಯಿರಿ. ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳ ಉಪನಿರ್ದೇಶಕರಿಬ್ಬರಿಗೂ ಕೊಡುವ ಮನವಿಯಲ್ಲಿ ಆ ದಿನಗಳ ಲೆಕ್ಕವನ್ನೇ ಮುಂದಿಡಬೇಕೆಂದಿದ್ದೇನೆ.