ಸುವೊನ್ ಕೆಳಗೆ ಬಿದ್ದ ವರ್ಷ

2023ರ ಡಿಸೆಂಬರ್ 2, ಶನಿವಾರ. ದಕ್ಷಿಣ ಕೊರಿಯಾದ ಸುವೊನ್ ವರ್ಲ್ಡ್ ಕಪ್ ಸ್ಟೇಡಿಯಂನಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ ತಮ್ಮ ಕೋಟಿನ ಜೇಬಿನಿಂದ ಹಾಟ್‌ಪ್ಯಾಕ್ ತೆಗೆದು ನನ್ನ ಕೈಗೆ ತುರುಕಿದರು. ಅಲುಗಾಡಿಸಿದರೆ ಬಿಸಿಯಾಗುವ ಪುಟ್ಟ ಪೊಟ್ಟಣ ಅದು. ನನ್ನ ಬೆರಳು ಮರಗಟ್ಟಿದ್ದು ಅವರ ಕಣ್ಣಿಗೆ ಬಿದ್ದಿತ್ತು. ಆಮೇಲೆ ತೊಂಬತ್ತು ನಿಮಿಷ ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅವತ್ತು ಸುವೊನ್ ಸ್ಯಾಮ್‌ಸಂಗ್ ಬ್ಲೂವಿಂಗ್ಸ್ ಫುಟ್‌ಬಾಲ್ ತಂಡಕ್ಕೆ ಗೆಲುವು ಬೇಕೇ ಬೇಕಿತ್ತು. ಗ್ಯಾಂಗ್‌ವೊನ್ ಜೊತೆಗಿನ ಆಟ 0-0 ಆಯಿತು. ಕೊರಿಯಾದ ದೊಡ್ಡ ಲೀಗ್ ಆದ ಕೆ ಲೀಗ್ ಅನ್ನು ನಾಲ್ಕು ಸಲ ಗೆದ್ದ ತಂಡ ಕೊನೆಯ, ಅಂದರೆ 12ನೇ ಸ್ಥಾನದಲ್ಲಿ ನಿಂತು ಮೊದಲ ಸಲ ಎರಡನೇ ದರ್ಜೆಗೆ ಬಿತ್ತು.

ಬಿದ್ದ ರೀತಿಯೇ ಒಂದು ಕಥೆ. ಅದೇ ಊರಿನ ಇನ್ನೊಂದು ತಂಡ ಸುವೊನ್ ಎಫ್‌ಸಿ. 38 ಆಟ ಮುಗಿದಾಗ ಎರಡಕ್ಕೂ 33 ಅಂಕ. ಎರಡೂ ಗೆದ್ದಿದ್ದು 8, ಡ್ರಾ 9, ಸೋತಿದ್ದು 21. ಬ್ಲೂವಿಂಗ್ಸ್ 35 ಗೋಲು ಹೊಡೆದು 57 ಬಿಟ್ಟುಕೊಟ್ಟಿತ್ತು. ಸುವೊನ್ ಎಫ್‌ಸಿ ಹೊಡೆದದ್ದು 44, ಬಿಟ್ಟುಕೊಟ್ಟದ್ದು 76. ಗೋಲುಗಳ ವ್ಯತ್ಯಾಸ ನೋಡಿದ್ದರೆ ಬ್ಲೂವಿಂಗ್ಸ್ 11ನೇ ಸ್ಥಾನದಲ್ಲಿರುತ್ತಿತ್ತು, ಎರಡನೇ ದರ್ಜೆಯ ತಂಡದ ಜೊತೆ ಪ್ಲೇಆಫ್ ಆಡಿ ಉಳಿಯುವ ದಾರಿಯಾದರೂ ಸಿಗುತ್ತಿತ್ತು. ಆದರೆ ಕೆ ಲೀಗ್‌ನಲ್ಲಿ ಅಂಕ ಸಮ ಆದರೆ ಮೊದಲು ನೋಡುವುದು ಹೊಡೆದ ಗೋಲುಗಳನ್ನು. ಮನೆ ಬಾಗಿಲು ಹಾಕಿಕೊಂಡು ಕೂತವನಿಗಿಂತ, ಸೋತರೂ ಹೊಡೆಯಲು ಹೋದವನಿಗೆ ಮರ್ಯಾದೆ ಜಾಸ್ತಿ. ನನಗೆ ಆ ನಿಯಮ ಇಷ್ಟ. ಪಕ್ಕದ ಅಜ್ಜಿಗೆ ಖಂಡಿತ ಇಷ್ಟ ಇರಲಿಕ್ಕಿಲ್ಲ.

ಆಟ ಮುಗಿದ ಮೇಲೆ ಅಭಿಮಾನಿಗಳು ತಂಡದ ಬಸ್ಸಿಗೆ ಅಡ್ಡ ನಿಂತರು. ಹೀಗೆ ಬಸ್ ತಡೆಯುವುದಕ್ಕೆ ಕೊರಿಯನ್ನರು ‘ಬೊಮಾಕ್’ ಅಂತ ಒಂದು ಪದವನ್ನೇ ಮಾಡಿಕೊಂಡಿದ್ದಾರೆ. ಅಂದರೆ ಎಷ್ಟು ಸಲ ತಡೆದಿರಬೇಕು ನೋಡಿ! ಆಡಳಿತದವರು ಹೊರಗೆ ಬಂದು ಉತ್ತರ ಹೇಳಲಿ ಅನ್ನೋದು ಅವರ ಹಠ. ಆ ವರ್ಷ ಇಬ್ಬರು ಕೋಚ್‌ಗಳನ್ನು ತೆಗೆದು, ಕೊನೆಗೆ ಇನ್ನೂ ಆಡುತ್ತಿದ್ದ ಯಮ್ ಕಿ-ಹುನ್ ಅವರ ತಲೆಗೇ ತಂಡವನ್ನು ಕಟ್ಟಿದ್ದರು.

ಆಗ ನನಗೆ ನೆನಪಾಗಿದ್ದು ಬೆಂಗಳೂರು. ಅದೇ ಸೆಪ್ಟೆಂಬರ್‌ನಲ್ಲಿ ಶುರುವಾಗಿದ್ದ 2023-24ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ನಮ್ಮ ಬೆಂಗಳೂರು ಎಫ್‌ಸಿ ಕೊನೆಗೆ 10ನೇ ಸ್ಥಾನಕ್ಕೆ ಬಂತು, ಅಲ್ಲೂ 12 ತಂಡಗಳೇ. ಕೊರಿಯಾದಲ್ಲಾಗಿದ್ದರೆ 10ನೆಯವರು ಉಳಿಯಬೇಕಾದರೆ ಪ್ಲೇಆಫ್ ಆಡಬೇಕು. ನಮ್ಮಲ್ಲಿ? ಅಣ್ಣನಿಗೆ ಫೋನ್ ಮಾಡಿ ಕೇಳಿದರೆ, "ಹತ್ತನೇದಾ? ಹೌದಾ? ಬಿಡು ಮಾರಾಯ, ಮುಂದಿನ ವರ್ಷ ನೋಡೋಣ" ಅಂದ. ಮುಂದಿನ ವರ್ಷ ತಂಡ ಫೈನಲ್‌ಗೇ ಹೋಯಿತು, ಅದು ಬೇರೆ ಮಾತು. ಕೊನೆಯ ಸ್ಥಾನದ ಹೈದರಾಬಾದ್ ಕೂಡ ಅಲ್ಲೇ ಉಳಿಯಿತು. ಆಗ ನಮ್ಮಲ್ಲಿ ಬೀಳುವ ಭಯವೇ ಇರಲಿಲ್ಲ. ಹಾಗಿದ್ದ ಮೇಲೆ ಮಾರ್ಚ್ ತಿಂಗಳ ಆಟಕ್ಕೆ ಯಾರು ಕಂಠೀರವಕ್ಕೆ ಹೋಗ್ತಾರೆ? ಬೆಂಗಳೂರು ತಂಡದ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನ ಹುಡುಗರು ಹೋಗ್ತಾರೆ, ಅವರಿಗೆ ನನ್ನ ನಮಸ್ಕಾರ.

"ನಮ್ಮಲ್ಲಿ ಕೆಳಗೆ ತಳ್ಳಿದರೆ ಮಾಲೀಕರು ಅಂಗಡಿ ಮುಚ್ಚಿ ಮನೆಗೆ ಹೋಗ್ತಾರೆ" ಅಂತ ಇಲ್ಲಿರುವ ಕೇರಳದ ಗೆಳೆಯರೊಬ್ಬರು ವಾದ ಮಾಡುತ್ತಾರೆ. ಸುಮ್ನೆ ತಳ್ಳಿಹಾಕುವ ಮಾತಲ್ಲ. ಇಲ್ಲೂ ದೊಡ್ಡ ಕಂಪನಿ ಕೈ ಬಿಗಿ ಮಾಡಿದ ಮೇಲೆಯೇ ಬ್ಲೂವಿಂಗ್ಸ್ ಸೊರಗಿದ್ದು. ಆದರೆ ಕೆಳಗೆ ಬಿದ್ದ ಮೇಲೆ ಏನಾಯಿತು ಗೊತ್ತಾ? 2024ರಲ್ಲಿ, ಎರಡನೇ ದರ್ಜೆಯಲ್ಲಿ, ಅವರ ಮನೆಯಂಗಳದ ಆಟಕ್ಕೆ ಸರಾಸರಿ 10,000ಕ್ಕೂ ಹೆಚ್ಚು ಜನ ಬಂದರು. ಹತ್ತಿರದ ಊರುಗಳ ಚಿಕ್ಕ ಮೈದಾನಗಳಿಗೆ ಇವರು ಹೋದರೆ ಅಲ್ಲಿನ ಗ್ಯಾಲರಿ ನೀಲಿ ಆಗಿಬಿಡುತ್ತಿತ್ತು. ಜನ ಮಾಲೀಕರನ್ನು ನಂಬಿ ಬಂದವರಲ್ಲ. ನಮ್ಮಲ್ಲಿ ತಂಡ ಅಂದರೆ ಮೊದಲು ಮಾಲೀಕರ ಹೆಸರೇ ಬಾಯಿಗೆ ಬರುತ್ತೆ, ಅಲ್ವಾ?

ಕೊರಿಯಾದ್ದೆಲ್ಲ ಚೆಂದ ಅಂತ ನಾನು ಹೇಳ್ತಿಲ್ಲ. ಕೋಚ್‌ಗಳನ್ನು ಇಲ್ಲಿ ಕರಿಬೇವಿನ ಹಾಗೆ ಬಳಸಿ ಪಕ್ಕಕ್ಕಿಡುತ್ತಾರೆ. ಸೋತ ಆಟಗಾರರು ಗ್ಯಾಲರಿ ಮುಂದೆ ಸಾಲಾಗಿ ನಿಂತು ತಲೆ ಬಾಗಿಸುವುದನ್ನು ನೋಡಿದರೆ ಈಗಲೂ ನನಗೆ ಹೊಟ್ಟೆ ಕಿವುಚುತ್ತೆ. ಇಪ್ಪತ್ತು ವರ್ಷದ ಹುಡುಗರು ಅವರು.

ಬ್ಲೂವಿಂಗ್ಸ್ ಇನ್ನೂ ಮೇಲೆ ಬಂದಿಲ್ಲ. 2025ರ ಡಿಸೆಂಬರ್‌ನಲ್ಲಿ ಪ್ಲೇಆಫ್ ತನಕ ಹೋಗಿ ಜೇಜು ತಂಡಕ್ಕೆ ಎರಡೂ ಆಟ ಸೋತರು. ಅದೇ ವಾರ ಸುವೊನ್ ಎಫ್‌ಸಿ ಕೂಡ ಬುಚೊನ್ ತಂಡದ ಕೈಯಲ್ಲಿ ಸೋತು ಕೆಳಗೆ ಬಿತ್ತು. ಈಗ ಊರಿನ ಎರಡೂ ತಂಡಗಳು ಎರಡನೇ ದರ್ಜೆಯಲ್ಲಿವೆ. ಅಜ್ಜಿ ಈಗಲೂ ಅದೇ ಸಾಲಿನಲ್ಲಿ ಕೂರುತ್ತಾರೆ. ಮೊನ್ನೆ ಸಿಕ್ಕಾಗ, ಡರ್ಬಿಗೆ ಸಿಟಿ ಬಸ್ಸಿನಲ್ಲೇ ಹೋಗಬಹುದು, ರೈಲಿನ ದುಡ್ಡು ಉಳಿಯಿತು ಅಂತ ನಕ್ಕರು.