ದಪ್ಪ ಪಿನ್ನು, ಸಣ್ಣ ಪಿನ್ನು

ನಮ್ಮ ಮನೆಯ ಟಿ.ವಿ. ಸ್ಟ್ಯಾಂಡಿನ ಕೆಳಗಿನ ಖಾನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಿದೆ. ಅದರೊಳಗೆ ಬಿಸ್ಕತ್ತು ಇಲ್ಲವೆಂಬುದು ಮಕ್ಕಳಿಗೂ ಗೊತ್ತು. ಇರುವುದು ಇಪ್ಪತ್ತು ವರ್ಷಗಳಿಂದ ಸೇರುತ್ತ ಬಂದ ಮೊಬೈಲ್ ಚಾರ್ಜರುಗಳು, ಒಂದರ ಕುತ್ತಿಗೆಗೆ ಇನ್ನೊಂದು ಸುತ್ತಿಕೊಂಡು, ಹಬ್ಬದ ಹಿಂದಿನ ದಿನ ಅಟ್ಟದಿಂದ ಇಳಿಸಿದ ಸೀರಿಯಲ್ ಸೆಟ್ಟಿನಂತೆ ಗೋಜಲಾಗಿ ಬಿದ್ದಿರುವಂಥವು.

ಎಲ್ಲಕ್ಕೂ ಅಡಿಯಲ್ಲಿರುವುದು ನೋಕಿಯಾದ ದಪ್ಪ ಪಿನ್ನಿನದು. ಆ ಕಾಲದಲ್ಲಿ ಮದುವೆ ಮನೆಯಲ್ಲಿ ಯಾರನ್ನಾದರೂ ಚಾರ್ಜರು ಕೇಳಿದರೆ, ‘ದಪ್ಪ ಪಿನ್ನೋ, ಸಣ್ಣ ಪಿನ್ನೋ?’ ಎಂಬ ಮರುಪ್ರಶ್ನೆ ಬರುತ್ತಿತ್ತು. 3.5 ಮಿಲಿಮೀಟರಿನ ಪಿನ್ನು 2 ಮಿಲಿಮೀಟರಿಗೆ ಇಳಿದಿತ್ತು, ಅಷ್ಟೆ; ಆದರೆ ಅಷ್ಟಕ್ಕೇ ಒಂದೇ ಮನೆತನದ ಫೋನುಗಳು ಒಂದು ಮುಟ್ಟಿದ್ದನ್ನು ಇನ್ನೊಂದು ಮುಟ್ಟದಷ್ಟು ಮಡಿವಂತರಾಗಿಬಿಟ್ಟಿದ್ದವು.

ಆಮೇಲೆ ಬಂದದ್ದು 2007ರ ಮೈಕ್ರೋ ಯು.ಎಸ್.ಬಿ. ಇದನ್ನು ರೂಪಿಸಿದವರ ಲೆಕ್ಕಾಚಾರವನ್ನು ಮೆಚ್ಚಲೇಬೇಕು: ಸವೆಯುವ ಸ್ಪ್ರಿಂಗುಗಳನ್ನು ಫೋನಿನಲ್ಲಿಡದೆ ವೈರಿನ ತುದಿಯಲ್ಲಿಟ್ಟರು, ಹಾಳಾಗುವುದೇ ಆದರೆ ಅಗ್ಗದ ವೈರು ಹಾಳಾಗಲಿ ಎಂದು. ನನ್ನ ಫೋನಿಗೆ ಮಾತ್ರ ಈ ಉಪಕಾರ ತಿಳಿಯಲಿಲ್ಲ. ಅದರ ತೂತೇ ಸಡಿಲಗೊಂಡು, ಒಂದು ವರ್ಷವಿಡೀ ನಾನು ವೈರನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು, ತಲೆದಿಂಬಿನ ಒಂದು ನಿರ್ದಿಷ್ಟ ಕೋನಕ್ಕೆ ಒರಗಿಸಿ ಚಾರ್ಜು ಮಾಡಿದ್ದೇನೆ. ಕರೆಂಟು ಹೋದ ಕತ್ತಲಲ್ಲಿ ಪವರ್ ಬ್ಯಾಂಕಿನ ವೈರನ್ನು ಅದಕ್ಕೆ ಸಿಕ್ಕಿಸುವಾಗ ಮೇಲು ಯಾವುದು, ಕೆಳಗು ಯಾವುದು ಎಂದು ತಡಕಾಡಿದ ಪಾಡು ಬೇರೆಯೇ.

ಆ ತಡಕಾಟವನ್ನು ತಪ್ಪಿಸಿದ್ದು 2014ರ ಸಿ ಟೈಪ್. ಇಪ್ಪತ್ತನಾಲ್ಕು ಸಂಪರ್ಕಬಿಂದುಗಳನ್ನು ಎರಡೂ ಕಡೆಗೆ ಸಮನಾಗಿ ಹಂಚಿದ್ದರಿಂದ ಹೇಗೆ ಸಿಕ್ಕಿಸಿದರೂ ನಡೆಯುತ್ತದೆ. 2012ರಿಂದ ತನ್ನದೇ ಲೈಟ್ನಿಂಗ್ ಪಿನ್ನನ್ನು ಹಿಡಿದು ಕೂತಿದ್ದ ಆ್ಯಪಲ್ ಕೂಡ 2023ರಲ್ಲಿ ಇದಕ್ಕೇ ಬಂತು. ಹೊಸ ಫೋನುಗಳಿಗೆಲ್ಲ ಸಿ ಟೈಪ್ ಇರಲೇಬೇಕೆಂಬ ಯುರೋಪಿನ ಒಕ್ಕೂಟದ ಕಾನೂನು 2024ರ ಡಿಸೆಂಬರ್ 28ರಿಂದ ಜಾರಿಯಾಯಿತು.

ಡಬ್ಬಿಯಲ್ಲಿರುವ ಚಾರ್ಜರುಗಳು ಕೆಟ್ಟಿಲ್ಲವೆಂಬುದೇ ನನ್ನ ಸಂಕಟ. ಗೋಡೆಗೆ ಸಿಕ್ಕಿಸಿದರೆ ಹೆಚ್ಚಿನವು ಇಂದಿಗೂ ನಿಷ್ಠೆಯಿಂದ ಸುಮಾರು 5 ವೋಲ್ಟ್ ಕೊಡುತ್ತವೆ; ಅದನ್ನು ತೆಗೆದುಕೊಳ್ಳುವ ಬಾಯಿ ಮಾತ್ರ ಲೋಕದಲ್ಲಿ ಉಳಿದಿಲ್ಲ. ಬೀಗ ಕಳೆದುಹೋದ ಕೀಲಿಕೈಯನ್ನು ಬಿಸಾಡಲು ಯಾರಿಗೆ ಮನಸ್ಸು ಬರುತ್ತದೆ?

ಮುಂದೆ ತೂತೇ ಇರುವುದಿಲ್ಲವಂತೆ. ಬಿಲ್ಲೆಯಂಥ ಪ್ಯಾಡಿನ ಮೇಲೆ ಫೋನನ್ನು ಮಲಗಿಸಿದರೆ ಒಳಗಿನ ಸುರುಳಿಗಳ ನಡುವಣ ಕಾಂತಕ್ಷೇತ್ರವೇ ಚಾರ್ಜು ಮಾಡುತ್ತದೆ. ರಾತ್ರಿ ಫೋನು ಎರಡು ಬೆರಳು ಸರಿದರೆ ಬೆಳಿಗ್ಗೆ ಅದು ಉಪವಾಸವೇ ಇರುತ್ತದೆ, ಸಾಲದ್ದಕ್ಕೆ ಬಿಸಿಯಾಗಿ ಒಂದಷ್ಟು ವಿದ್ಯುತ್ತೂ ಪೋಲು. ಇಷ್ಟಾಗಿ ಆ ಪ್ಯಾಡಿಗೂ ಒಂದು ವೈರು ಬೇಕೇ ಬೇಕು.

ಕಳೆದ ದಸರೆಗೆ ಊರಿನಿಂದ ಬಂದ ನಮ್ಮ ಸೋದರತ್ತೆ ತಮ್ಮ ಕೀಪ್ಯಾಡ್ ಫೋನನ್ನು ಮುಂದೆ ಹಿಡಿದು, ‘ಸಣ್ಣ ಪಿನ್ನಿಂದು ಇದೆಯೇನೋ?’ ಎಂದರು. ಡಬ್ಬಿ ತೆಗೆದು, ಕಾಲು ಗಂಟೆ ಗಂಟು ಬಿಡಿಸಿ, ಕೊಟ್ಟೆ. ಊರಿಗೆ ಹೊರಡುವಾಗ ಅತ್ತೆ ಅದನ್ನು ಕೇಳದೆಯೇ ಚೀಲಕ್ಕೆ ಹಾಕಿಕೊಂಡರು.