ತಟ್ಟೆ ಹಿಡಿಯೋಕೆ ಮೇಡಂ, ಕುರ್ಚಿಗೆ ಸರ್

ಕೆಲವು ವರ್ಷಗಳ ಹಿಂದೆ ನಾನಿದ್ದ ವಿಶ್ವವಿದ್ಯಾಲಯಕ್ಕೆ ನ್ಯಾಕ್ ತಂಡ, ಅಂದರೆ ಗುಣಮಟ್ಟ ಅಳೆದು ದರ್ಜೆ ಕೊಡುವವರು, ಬಂದಿತ್ತು. ಐದು ವರ್ಷದ ಲೆಕ್ಕಪತ್ರ ಹುಡುಕಿ, ಒಂದೊಂದು ವಿಭಾಗದ ಬಾಗಿಲು ತಟ್ಟಿ ಎಸ್‌ಎಸ್‌ಆರ್ (ನ್ಯಾಕ್‌ಗೆ ವಿಶ್ವವಿದ್ಯಾಲಯ ಕೊಡಬೇಕಾದ ಸ್ವಯಂ ಅಧ್ಯಯನ ವರದಿ) ಬರೆದವರು ನಮ್ಮ ಸೀನಿಯರ್ ಮೇಡಂ. ಮನೆಯಲ್ಲಿ ಅತ್ತೆಗೆ ಮಾತ್ರೆ ಕೊಟ್ಟು ಮಲಗಿಸಿ, ಆಮೇಲೆ ಲ್ಯಾಪ್‌ಟಾಪ್ ತೆರೆಯುತ್ತಿದ್ದರು.

ಕೊನೆಯ ದಿನದ ಸಭೆ. ವೇದಿಕೆ ಮೇಲೆ ಕೂತವರೆಲ್ಲ ಗಂಡಸರು. ಮೇಡಂ ಪಕ್ಕದಲ್ಲಿ ಶಾಲು, ಪೇಟ, ಹಾರ ಇಟ್ಟ ತಟ್ಟೆ ಹಿಡಿದು ನಿಂತಿದ್ದರು. ತಂಡದ ಅಧ್ಯಕ್ಷರು ಒಂದು ಅಂಕಿಅಂಶ ಕೇಳಿದರು. ವೇದಿಕೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಹೇಳಿದ್ದು ಮೇಡಂ, ತಟ್ಟೆ ಹಿಡಿದುಕೊಂಡೇ. ಹೇಳಿ ಮುಗಿಸುವಷ್ಟರಲ್ಲಿ "ಮೇಡಂ, ಶಾಲು ಕೊಡಿ" ಅಂದರು.

ವಿಶ್ವವಿದ್ಯಾಲಯಗಳಲ್ಲಿ ಕುಲಪತಿ (ವೈಸ್ ಚಾನ್ಸಲರ್), ಕುಲಸಚಿವರ (ರಿಜಿಸ್ಟ್ರಾರ್) ಹುದ್ದೆಗೆ ಹೆಂಗಸರು ಯಾಕೆ ಕಡಿಮೆ ಅಂತ ಯಾರಾದರೂ ಕೇಳಿದಾಗಲೆಲ್ಲ ನನಗೆ ಆ ತಟ್ಟೆಯೇ ಕಣ್ಮುಂದೆ ಬರುತ್ತದೆ.

"ಅರ್ಹರು ಸಿಗಲ್ಲ" ಅನ್ನುತ್ತಾರೆ. ದೇಶದ ಉನ್ನತ ಶಿಕ್ಷಣದಲ್ಲಿ 2021-22ರಲ್ಲಿ ಓದುತ್ತಿದ್ದ 4.33 ಕೋಟಿ ಮಂದಿಯಲ್ಲಿ 2.07 ಕೋಟಿ ಹುಡುಗಿಯರು. ಹತ್ತಿರ ಹತ್ತಿರ ಅರ್ಧ. ಪಾಠ ಮಾಡುವವರಲ್ಲೂ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಹೆಂಗಸರೇ. ಇವರೆಲ್ಲ ನಡುದಾರಿಯಲ್ಲಿ ಎಲ್ಲಿ ಹೋದರು?

ನಾನು ಕಂಡದ್ದು ಹೇಳುತ್ತೇನೆ. ವರ್ಷದ ಮೊದಲಲ್ಲಿ ಸಮಿತಿಗಳ ಪಟ್ಟಿ ಬರುತ್ತದಲ್ಲ, ಅದನ್ನೊಮ್ಮೆ ಓದಿ. ಲೇಡೀಸ್ ಹಾಸ್ಟೆಲ್ ವಾರ್ಡನ್, ಸ್ವಾಗತ ಸಮಿತಿ, ಸಾಂಸ್ಕೃತಿಕ ಸಮಿತಿ, ಮಹಿಳಾ ಘಟಕ: ಇವು ನಮಗೆ. ಕಟ್ಟಡ, ಖರೀದಿ, ಹಣಕಾಸು, ಪರೀಕ್ಷೆ, ಕಾಲೇಜುಗಳಿಗೆ ಮಾನ್ಯತೆ ಕೊಡುವ ಮೊದಲು ಹೋಗಿ ನೋಡುವ ಎಲ್‌ಐಸಿ (ಸ್ಥಳೀಯ ವಿಚಾರಣಾ ಸಮಿತಿ) ತಪಾಸಣೆ: ಇವು ಅವರಿಗೆ. ಹಾಸ್ಟೆಲ್ ನಡೆಸುವುದು ಸುಲಭದ ಕೆಲಸ ಅಲ್ಲ. ರಾತ್ರಿ ಎರಡಕ್ಕೆ ಹುಡುಗಿಗೆ ಜ್ವರ ಬಂದರೆ ಓಡಬೇಕು. ಆದರೆ ಹತ್ತು ವರ್ಷ ಬಿಟ್ಟು ಕುಲಸಚಿವರ ಹುದ್ದೆ ಖಾಲಿಯಾದಾಗ ಅದನ್ನು ಯಾರೂ ಆಡಳಿತದ ಅನುಭವ ಅಂತ ಎಣಿಸುವುದಿಲ್ಲ. ಟೆಂಡರ್ ಫೈಲು ನೋಡಿದವರನ್ನೇ ಕರೆಯುತ್ತಾರೆ. ನಮ್ಮ ಕೈಗೆ ಆ ಫೈಲು ಕೊಟ್ಟಿದ್ದರೆ ತಾನೇ?

ಇನ್ನೊಂದು, ವಯಸ್ಸಿನ ಲೆಕ್ಕ. ಕುಲಪತಿ ಆಗಬೇಕಾದರೆ ಪ್ರೊಫೆಸರ್ ಆಗಿ 10 ವರ್ಷ ಆಗಿರಬೇಕು ಅನ್ನುವುದು ಯುಜಿಸಿ ನಿಯಮದ ಮುಖ್ಯ ದಾರಿ. ಮದುವೆ, ಎರಡು ಹೆರಿಗೆ, ಅತಿಥಿ ಉಪನ್ಯಾಸಕಿಯಾಗಿ ಕಳೆದ ವರ್ಷಗಳು, ಇವೆಲ್ಲ ದಾಟಿ ಪಿಎಚ್.ಡಿ. ಮುಗಿಸಿದವಳು ಪ್ರೊಫೆಸರ್ ಆಗುವಾಗಲೇ ಐವತ್ನಾಲ್ಕು ಐವತ್ತೈದು. ನಮ್ಮ ರಾಜ್ಯದ ವಿ.ವಿ.ಗಳಲ್ಲಿ 62ಕ್ಕೆ ನಿವೃತ್ತಿ. ಹತ್ತು ತುಂಬುವುದೇ ಇಲ್ಲ.

ಹಾಗಿದ್ದರೂ ದಾಟಿ ಬಂದವರಿದ್ದಾರೆ. ಹನ್ಸಾ ಮೆಹ್ತಾ 1949ರಲ್ಲೇ ಬರೋಡಾ ವಿ.ವಿ. ಕುಲಪತಿಯಾದರು. ಮೈಸೂರು ವಿ.ವಿ. ಶುರುವಾದದ್ದು 1916ರಲ್ಲಿ. ಮೊದಲ ಮಹಿಳಾ ಕುಲಪತಿ ಸೆಲ್ವಿ ದಾಸ್ ಬರಲು ಎಂಬತ್ತರ ದಶಕದ ಕೊನೆವರೆಗೆ ಕಾಯಬೇಕಾಯಿತು. ಹಂಪಿ ಕನ್ನಡ ವಿ.ವಿ.ಗೆ ಮಲ್ಲಿಕಾ ಘಂಟಿ ಬಂದದ್ದು 2015ರಲ್ಲಿ, ಅಲ್ಲಿಗೂ ಅವರೇ ಮೊದಲಿಗರು. ಅಲೀಗಢ ಮುಸ್ಲಿಂ ವಿ.ವಿ. ಕಥೆಯಂತೂ ನನಗೆ ತುಂಬಾ ನೋವು ಕೊಡುತ್ತದೆ. 1920ರಲ್ಲಿ ಅದರ ಮೊದಲ ಕುಲಾಧಿಪತಿಯೇ (ಚಾನ್ಸಲರ್) ಒಬ್ಬ ಹೆಂಗಸು, ಭೋಪಾಲದ ಬೇಗಂ ಸುಲ್ತಾನ್ ಜಹಾನ್. ಕುಲಪತಿ ಕುರ್ಚಿಯಲ್ಲಿ ಹೆಣ್ಣುಮಗಳು ಕೂತದ್ದು 2024ರಲ್ಲಿ, ನಯೀಮಾ ಖಾತೂನ್. ನಡುವೆ ನೂರು ವರ್ಷ!

"ನಿಮಗೆ ವಿಜಯಪುರದಲ್ಲಿ ಮಹಿಳಾ ವಿ.ವಿ. ಇದೆಯಲ್ಲ" ಅಂತ ಒಬ್ಬರು ನನಗೆ ಹೇಳಿದರು. ಅಕ್ಕಮಹಾದೇವಿ ವಿ.ವಿ. ಬಗ್ಗೆ ನನಗೆ ಅಪಾರ ಹೆಮ್ಮೆ ಇದೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಂದ ಮೊದಲ ಸಲ ಪದವಿ ಪಡೆದ ಹುಡುಗಿಯರು ಅಲ್ಲಿಂದ ಬಂದಿದ್ದಾರೆ. ಆದರೆ ಅದೊಂದನ್ನು ನಮಗೆ ಬರೆದುಕೊಟ್ಟು ಉಳಿದದ್ದೆಲ್ಲ ತಮ್ಮದು ಅಂದರೆ ಹೇಗೆ? ಕುಲಪತಿ ಹುದ್ದೆಗೆ ಹೆಸರು ಆರಿಸುವ ಸರ್ಚ್ ಕಮಿಟಿಗಳು ಮೂರು ಹೆಸರು ಕಳಿಸುವಾಗ ಒಂದಾದರೂ ಹೆಣ್ಣಿನ ಹೆಸರು ಇರಲೇಬೇಕು ಅಂತ ಕಾನೂನಿನಲ್ಲೇ ಬರೆಯಲಿ ಅನ್ನುವವಳು ನಾನು.

ನಮ್ಮ ಆ ಮೇಡಂ ಪ್ರೊಫೆಸರ್ ಆಗಿಯೇ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ "ತಾಯಿಯಂಥವರು" ಅಂತ ಎಲ್ಲರೂ ಹೊಗಳಿದರು. ಆ ಎಸ್‌ಎಸ್‌ಆರ್ ವಿಷಯ ಒಬ್ಬರೂ ಎತ್ತಲಿಲ್ಲ.

ಈ ವರ್ಷ ನಾನು ಅರ್ಜಿ ಬರೆದು ಕೊಟ್ಟಿದ್ದೇನೆ: ಸಾಂಸ್ಕೃತಿಕ ಸಮಿತಿ ಬೇಡ, ಖರೀದಿ ಸಮಿತಿಗೆ ಹಾಕಿ. ಇನ್ನೂ ಉತ್ತರ ಬಂದಿಲ್ಲ. ಸೋಮವಾರ ಮತ್ತೆ ಹೋಗಿ ಕೇಳುತ್ತೇನೆ.